ಮರಳು ಕಲ್ಲಾಗುವ ಕಥೆ: ಜೈಹೂನ್ ದಂಡೆಯಿಂದ ಡೆಲ್ಫ್ಟ್‌ವರೆಗೆ

ಹಾಲಿಗೆ ಯೂರಿಯಾ ಬೆರೆಸಿದ್ದಾರೋ ಇಲ್ಲವೋ ಅಂತ ಪತ್ತೆ ಹಚ್ಚಲು ಒಂದು ಸುಲಭ ಪರೀಕ್ಷೆ ಇದೆ. ಒಂದು ಚಮಚ ಹಾಲಿಗೆ ಅರ್ಧ ಚಮಚ ಸೋಯಾ ಅಥವಾ ತೊಗರಿ ಹಿಟ್ಟು ಹಾಕಿ ಕಲಕಬೇಕು. ಐದು ನಿಮಿಷ ಬಿಟ್ಟು ಕೆಂಪು ಲಿಟ್ಮಸ್ ಕಾಗದ ಅದ್ದಬೇಕು. ಕಾಗದ ನೀಲಿಯಾದರೆ ಹಾಲಿನಲ್ಲಿ ಯೂರಿಯಾ ಇದೆ ಅಂತ ಅರ್ಥ. ಹೈದರಾಬಾದಿನಲ್ಲಿ ನಾನು ಕಲಿಸುವ ಶಾಲೆಯ ಒಂಬತ್ತನೇ ತರಗತಿಗೆ ಪ್ರತಿ ವರ್ಷ ಇದನ್ನು ಮಾಡಿ ತೋರಿಸುತ್ತೇನೆ. ಮಕ್ಕಳಿಗೂ ಖುಷಿ, ಮರುದಿನ ಮನೆಯ ಹಾಲಿನವನಿಗೆ ಸಂಕಟ.

ಕಳೆದ ವರ್ಷ ಒಬ್ಬಳು ಹುಡುಗಿ, ಹಿಟ್ಟಿನಲ್ಲಿ ಅಂಥದ್ದೇನಿದೆ ಅಂತ ಕೇಳಿದಳು. ಯೂರಿಯೇಸ್ ಎಂಬ ಕಿಣ್ವ ಇದೆ, ಅದು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ, ಅದಕ್ಕೇ ಕಾಗದ ನೀಲಿಯಾಗುತ್ತದೆ ಅಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಎಲ್ಲೋ ಓದಿದ್ದು ನೆನಪಾಗಿ, "ಇದೇ ಯೂರಿಯೇಸ್ ಇರುವ ಬ್ಯಾಕ್ಟೀರಿಯಾ ಮರಳನ್ನು ಕಲ್ಲು ಮಾಡ್ತವೆ" ಅಂತಲೂ ಹೇಳಿಬಿಟ್ಟೆ. ಇಡೀ ತರಗತಿ ನಕ್ಕಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಮಾತ್ರ ಗಂಭೀರವಾಗಿ, "ಹೌದು ಟೀಚರ್, ಇಬ್ನ್ ಸೀನಾ ಸಾವಿರ ವರ್ಷದ ಹಿಂದೆನೇ ಅದನ್ನ ಕಂಡುಹಿಡಿದಿದ್ರು. ಅಬ್ಬಾನ ವಾಟ್ಸಾಪಿಗೆ ಬಂದಿತ್ತು" ಅಂದ.

ನಾಳೆ ನೋಡಿ ಹೇಳ್ತೀನಿ ಅಂದೆ. ನೋಡಿ ಮುಗಿಸಲು ಎರಡು ತಿಂಗಳು ಹಿಡಿಯಿತು. ಈ ಬರಹ ಅದರ ಫಲ.

ಮೊದಲು ಇಬ್ನ್ ಸೀನಾ ನಿಜವಾಗಿ ಏನು ಬರೆದಿದ್ದಾರೆ ನೋಡೋಣ. 980ರಲ್ಲಿ ಬುಖಾರಾ ಬಳಿ ಹುಟ್ಟಿ 1037ರಲ್ಲಿ ಹಮದಾನಿನಲ್ಲಿ ತೀರಿಕೊಂಡ ಈ ಹಕೀಮರನ್ನು ನಾವು ಬಲ್ಲದ್ದು ಹೆಚ್ಚಾಗಿ ವೈದ್ಯಶಾಸ್ತ್ರದ 'ಅಲ್ ಖಾನೂನ್'ನಿಂದ. ಆದರೆ ಅವರ ದೊಡ್ಡ ಗ್ರಂಥ 'ಕಿತಾಬ್ ಅಶ್ಶಿಫಾ'ದಲ್ಲಿ ಕಲ್ಲು, ಬೆಟ್ಟ, ಖನಿಜಗಳ ಬಗ್ಗೆಯೂ ಒಂದು ಭಾಗ ಇದೆ. ಅಲ್ಲಿ ಅವರು ತಮ್ಮ ಬಾಲ್ಯದ ಒಂದು ಸಂಗತಿ ದಾಖಲಿಸಿದ್ದಾರೆ. ಜೈಹೂನ್ ನದಿಯ, ಅಂದರೆ ಇಂದಿನ ಅಮೂ ದರ್ಯಾದ ದಂಡೆಯಲ್ಲಿ ಜನ ತಲೆ ತೊಳೆಯಲು ಬಳಸುತ್ತಿದ್ದ ಒಂದು ಬಗೆಯ ಜೇಡಿಮಣ್ಣನ್ನು ಅವರು ಹುಡುಗರಾಗಿದ್ದಾಗ ಕಂಡಿದ್ದರು. ನಮ್ಮ ಮನೆಗಳ ಮುಲ್ತಾನಿ ಮಿಟ್ಟಿ ಇದ್ದ ಹಾಗೆ ಅಂತಿಟ್ಟುಕೊಳ್ಳಿ. ಸುಮಾರು 23 ವರ್ಷಗಳ ನಂತರ ನೋಡಿದಾಗ ಅದೇ ಮಣ್ಣು ಮೆದುವಾದ ಕಲ್ಲಾಗಿತ್ತಂತೆ.

ನನಗೆ ಇಲ್ಲಿ ಹಿಡಿಸಿದ್ದು ಆ 23 ಎಂಬ ಸಂಖ್ಯೆ. ಕಲ್ಲು ಅನ್ನುವುದು ಸೃಷ್ಟಿಯ ಮೊದಲ ದಿನದಿಂದಲೇ ಇದ್ದ ವಸ್ತು ಅಂತ ಜನ ನಂಬಿದ್ದ ಕಾಲದಲ್ಲಿ, ಒಬ್ಬ ಮನುಷ್ಯ ತನ್ನ ಕಣ್ಣಮುಂದೆಯೇ ಮಣ್ಣು ಕಲ್ಲಾಗಿದ್ದನ್ನು ವರ್ಷದ ಲೆಕ್ಕ ಹಾಕಿ ಬರೆದಿಟ್ಟರು. ಕಲ್ಲು ಎರಡು ಬಗೆಯಲ್ಲಿ ಹುಟ್ಟುತ್ತದೆ ಅಂತ ಅವರ ವಿವರಣೆ. ಒಂದು, ಅಂಟು ಜೇಡಿ ಒಣಗಿ ಬಿಗಿದುಕೊಳ್ಳುವುದು. ಇನ್ನೊಂದು, ನೀರಿನಲ್ಲಿದ್ದದ್ದು ಹೆಪ್ಪುಗಟ್ಟುವುದು. ಹೀಗೆ ಹೆಪ್ಪುಗಟ್ಟಿಸುವ ಒಂದು ಖನಿಜ ಶಕ್ತಿ ಕೆಲವು ನೆಲಗಳಲ್ಲಿ ಇರುತ್ತದೆ ಎಂದೂ ಅವರು ಹೇಳಿದರು.

ಆ ಶಕ್ತಿ ಅಂದರೆ ಬ್ಯಾಕ್ಟೀರಿಯಾನೇ ಅಂತ ಬರೆದುಬಿಡಲು ಎಷ್ಟು ಹೊತ್ತು? ಫೋನಿನಲ್ಲಿ ಓಡಾಡುವ ಬರಹ ಮಾಡಿದ್ದೂ ಅದನ್ನೇ. ಆದರೆ ಇಬ್ನ್ ಸೀನಾ ಬ್ಯಾಕ್ಟೀರಿಯಾ ಕಂಡಿರಲಿಲ್ಲ, ಕಾಣುವ ಸಾಧನವೂ ಅವರಲ್ಲಿರಲಿಲ್ಲ. ಅವರು ಮಾಡಿದ್ದು ಬೇರೆ ಕೆಲಸ. ಕಂಡದ್ದನ್ನು ಕಂಡಷ್ಟೇ ಹೇಳಿ, ಕಾರಣ ಗೊತ್ತಿಲ್ಲದ ಕಡೆ ಒಂದು ಶಕ್ತಿ ಅಂತ ಹೆಸರಿಟ್ಟು ಜಾಗ ಖಾಲಿ ಬಿಟ್ಟರು. ನಮ್ಮ ಕೆಲವರಿಗೆ ಆ ಖಾಲಿ ಜಾಗ ಕಂಡರೆ ಆಗುವುದಿಲ್ಲ, ತಾವೇ ತುಂಬಿಸಿಬಿಡುತ್ತಾರೆ. ಅದರಿಂದ ಇಬ್ನ್ ಸೀನಾ ದೊಡ್ಡವರಾಗುವುದಿಲ್ಲ, ನಾವು ಚಿಕ್ಕವರಾಗುತ್ತೇವೆ.

ಇನ್ನೊಂದು ಮಾತು. 1200ರ ಸುಮಾರಿಗೆ ಇಂಗ್ಲೆಂಡಿನ ಆಲ್ಫ್ರೆಡ್ ಆಫ್ ಸರೇಶೆಲ್ ಎಂಬ ವಿದ್ವಾಂಸ ಈ ಭಾಗವನ್ನು ಅರಬ್ಬಿಯಿಂದ ಲ್ಯಾಟಿನ್ನಿಗೆ ತಂದ. ಅದು ಅರಿಸ್ಟಾಟಲನ ಪುಸ್ತಕದ ಕೊನೆಗೆ ಅಂಟಿಕೊಂಡು ಬಹಳ ಕಾಲ ಅರಿಸ್ಟಾಟಲನದ್ದೇ ಅಂತ ಓದಲ್ಪಟ್ಟಿತು. ಹೀಗೆ ಬರೆದವರ ಹೆಸರು ಅಳಿಸಿಹೋದದ್ದು ನಿಜವಾದ ಅನ್ಯಾಯ. ಅದನ್ನು ಹೇಳುವ ವಾಟ್ಸಾಪ್ ಸಂದೇಶ ನನಗೆ ಈವರೆಗೆ ಬಂದಿಲ್ಲ.

ಈಗ ಸ್ವಲ್ಪ ನಮ್ಮ ಮನೆಯ ಕಥೆ. ನನ್ನ ನಾನಾ, ಅಂದರೆ ತಾಯಿಯ ತಂದೆ, ವಿಜಯಪುರದಲ್ಲಿ ಗೌಂಡಿ. ಸಿಮೆಂಟು ಬರುವ ಮುಂಚೆ ಅವರ ಹಿರಿಯರೆಲ್ಲ ಗಚ್ಚಿನ ಕೆಲಸದವರು. ಆ ಕಡೆಯ ಎರೆ ಹೊಲದಲ್ಲಿ ನೇಗಿಲು ಹೊಡೆದರೆ ಬಿಳಿ ಹರಳು ಮೇಲೇಳುತ್ತವೆ. ಉರ್ದುವಿನಲ್ಲಿ ಕಂಕರ್ ಅಂತೇವೆ. ಅವನ್ನು ಆರಿಸಿ ತಂದು ಭಟ್ಟಿಯಲ್ಲಿ ಸುಟ್ಟರೆ ಸುಣ್ಣ. ಆ ಸುಣ್ಣವನ್ನು ನೀರಿಗೆ ಹಾಕಿ ಅರಳಿಸಿ, ಮರಳು ಸೇರಿಸಿ, ಎತ್ತಿನ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ರಸ ಬೆರೆಸಿದರೆ ಗಚ್ಚು. ಮುಹಮ್ಮದ್ ಆದಿಲ್ ಶಾಹನ ಗೋಳಗುಮ್ಮಟದ ಸುಮಾರು 44 ಮೀಟರ್ ಅಗಲದ ಗುಮ್ಮಟ ನಿಂತಿರುವುದು ಇಟ್ಟಿಗೆ ಮತ್ತು ಸುಣ್ಣದ ಮೇಲೆ. ಅದರ ಬುನಾದಿ ಕೂತಿರುವುದು ಬಂಡೆಯ ಮೇಲೆ. "ಪೈಲೆ ಜಮೀನ್ ಕು ಪೂಛೋ, ಫಿರ್ ದೀವಾರ್ ಉಠಾವ್" ಅಂತ ನಾನಾ ಹೇಳುತ್ತಿದ್ದರು. ಮೊದಲು ನೆಲವನ್ನು ಕೇಳು, ಆಮೇಲೆ ಗೋಡೆ ಎಬ್ಬಿಸು.

ಗಚ್ಚಿನ ರಸಾಯನಶಾಸ್ತ್ರ ಬಿ.ಎಡ್. ಓದುವಾಗ ಯಾರೂ ನನಗೆ ಹೇಳಲಿಲ್ಲ, ಆದರೆ ಬಹಳ ಸರಳ ಇದೆ. ಕಂಕರ್ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಸುಮಾರು 900 ಡಿಗ್ರಿ ಕಾಯಿಸಿದರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಉಳಿದ ಸುಣ್ಣವನ್ನು ಅರಳಿಸಿ ಗೋಡೆಗೆ ಹಚ್ಚಿದ ಮೇಲೆ ಅದು ವರ್ಷಗಟ್ಟಲೆ ಗಾಳಿಯಿಂದ ಅದೇ ಅನಿಲವನ್ನು ಮೆಲ್ಲಗೆ ಹೀರಿಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟೇ ಆಗುತ್ತದೆ. ಅದರ ಹರಳಿನ ಹೆಸರು ಕ್ಯಾಲ್ಸೈಟ್. ಅಂದರೆ ಗೌಂಡಿ ಕಲ್ಲನ್ನು ಒಡೆದು, ತನಗೆ ಬೇಕಾದ ಜಾಗದಲ್ಲಿ ಮತ್ತೆ ಕಲ್ಲು ಮಾಡುತ್ತಾನೆ. ನಡುವೆ ಬೇಕಾದದ್ದು ಬೆಂಕಿ. ಬೆಂಕಿಯಿಲ್ಲದೆ ಅದೇ ಕ್ಯಾಲ್ಸೈಟನ್ನು ಮರಳಿನ ಕಣಗಳ ನಡುವೆ ಬೆಳೆಸಬಹುದೇ ಅನ್ನುವುದೇ ಈ ಬರಹದ ವಿಷಯ.

ಬೆಳೆಸಬಹುದು. ಆದರೆ ಅದಕ್ಕೆ ಬೇಕಾದ ತಿಳಿವಳಿಕೆ ಒಂದೇ ಕಡೆ ಇರಲಿಲ್ಲ. ಒಂದು ಚೂರು ಮೂತ್ರ ಪರೀಕ್ಷಿಸುವವರ ಬಳಿ, ಇನ್ನೊಂದು ಸಮುದ್ರದ ಕೆಸರು ನೋಡುವವರ ಬಳಿ, ಮತ್ತೊಂದು ಕಟ್ಟಡದ ಎಂಜಿನಿಯರರ ಬಳಿ ಇತ್ತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುತ್ತಿರಲಿಲ್ಲ.

ಮೂತ್ರದವರಿಂದ ಶುರುಮಾಡೋಣ. 1670ರ ದಶಕದಲ್ಲಿ ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ಬ್ಯಾಕ್ಟೀರಿಯಾಗಳನ್ನು ಮೊದಲ ಬಾರಿ ಕಂಡ. ಈ ಡೆಲ್ಫ್ಟ್ ಹೆಸರು ನೆನಪಿಡಿ, ಮುಂದೆ ಮತ್ತೆ ಬರುತ್ತದೆ. 1773ರಲ್ಲಿ ಫ್ರಾನ್ಸಿನ ರುವೆಲ್ ಮೂತ್ರದಿಂದ ಯೂರಿಯಾವನ್ನು ಬೇರ್ಪಡಿಸಿದ. 1828ರಲ್ಲಿ ಜರ್ಮನಿಯ ವೋಲರ್ ಅದನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿದ. ಹಳಸಿದ ಮೂತ್ರಕ್ಕೆ ಆ ಘಾಟು ಬರುವುದು ಒಂದು ಸೂಕ್ಷ್ಮಜೀವಿ ಯೂರಿಯಾವನ್ನು ಅಮೋನಿಯಾ ಮಾಡುವುದರಿಂದ ಅಂತ ಲೂಯಿ ಪಾಶ್ಚರ್ ಕಾಲಕ್ಕೆ ಗೊತ್ತಾಯಿತು. 1889ರಲ್ಲಿ ಪಿಯೆರ್ ಮಿಕೆಲ್ ಎಂಬುವರು ಅಂಥ ಒಂದು ಜೀವಿಯನ್ನು ಗುರುತಿಸಿ ಪಾಶ್ಚರನ ಹೆಸರಿಟ್ಟರು. ಇಂದು ಅದಕ್ಕೆ ಸ್ಪೋರೊಸಾರ್ಸಿನಾ ಪಾಶ್ಚುರಿ ಅಂತಾರೆ. ಮಣ್ಣಿನಲ್ಲಿ ಇರುವ, ಆರೋಗ್ಯವಂತರಿಗೆ ತೊಂದರೆ ಕೊಡದ ಬಡಪಾಯಿ. ನಮ್ಮ ಕಥೆಯ ನಾಯಕ ಇದೇ.

ಈ ಜೀವಿಯ ಹತ್ಯಾರು ಯೂರಿಯೇಸ್. ಅದರ ಕಥೆಯಲ್ಲಿ ಒಬ್ಬ ಒಂಟಿಗೈ ಮನುಷ್ಯ ಬರುತ್ತಾನೆ. ಅಮೆರಿಕದ ಜೇಮ್ಸ್ ಸಮ್ನರ್‌ಗೆ 17ನೇ ವಯಸ್ಸಿನಲ್ಲಿ ಬೇಟೆಯಾಡುವಾಗ ಜೊತೆಗಿದ್ದವನ ಗುಂಡು ತಗುಲಿ ಎಡಗೈ ಹೋಯಿತು. ಅವನು ಎಡಚ ಬೇರೆ. ಬಲಗೈಯಲ್ಲಿ ಎಲ್ಲವನ್ನೂ ಹೊಸದಾಗಿ ಕಲಿತು ರಸಾಯನಶಾಸ್ತ್ರಕ್ಕೆ ಬಂದ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಒಂದು ಜಾತಿಯ ದಪ್ಪ ಅವರೆಯ ಹಿಟ್ಟು ಇಟ್ಟುಕೊಂಡು ಒಂಬತ್ತು ವರ್ಷ ಕೂತ. 1926ರಲ್ಲಿ ಅದರಿಂದ ಯೂರಿಯೇಸಿನ ಶುದ್ಧ ಹರಳು ತೆಗೆದು, ಕಿಣ್ವ ಅಂದರೆ ಪ್ರೋಟೀನು ಅಂತ ಸಾರಿದ. ಜರ್ಮನಿಯ ದೊಡ್ಡ ವಿದ್ವಾಂಸರು ನಂಬಲಿಲ್ಲ. ಇಪ್ಪತ್ತು ವರ್ಷದ ನಂತರ, 1946ರಲ್ಲಿ, ಅದಕ್ಕೇ ಅವನಿಗೆ ನೊಬೆಲ್ ಬಂತು. ಇಷ್ಟೆಲ್ಲ ಆದರೂ ಯೂರಿಯೇಸಿಗೂ ಕಟ್ಟಡಕ್ಕೂ ಸಂಬಂಧ ಇರಬಹುದು ಅಂತ ಆಗ ಯಾರ ತಲೆಗೂ ಹೊಳೆಯಲಿಲ್ಲ.

ಸಮುದ್ರದವರದ್ದು ಬೇರೆ ದಾರಿ. ಜಾರ್ಜ್ ಹೆರಾಲ್ಡ್ ಡ್ರೂ ಎಂಬ ಯುವ ವಿಜ್ಞಾನಿ ಬಹಾಮಾ ದ್ವೀಪಗಳ ಸಮುದ್ರದಲ್ಲಿ ಬ್ಯಾಕ್ಟೀರಿಯಾಗಳೇ ಸುಣ್ಣದ ಕೆಸರು ತಯಾರಿಸುತ್ತವೆ ಅಂತ ವಾದಿಸಿದರು. 1913ರಲ್ಲಿ ತೀರಿಕೊಂಡರು, ಪ್ರಬಂಧ ಪ್ರಕಟವಾದದ್ದು ಮರುವರ್ಷ. ಆಮೇಲೆ ಬಂದವರು ಆ ವಾದವನ್ನು ಪ್ರಶ್ನಿಸಿ ಬದಿಗೆ ಸರಿಸಿದರು. 1973ರಲ್ಲಿ ಸ್ಪೇನಿನ ಬೊಕೆ, ಬೊರೊನಾಟ್, ರಾಮೋಸ್ ಕೊರ್ಮೆನ್ಸಾನಾ ಎಂಬ ಮೂವರು 'ನೇಚರ್' ಪತ್ರಿಕೆಯಲ್ಲಿ ಒಂದು ಚಿಕ್ಕ ಬರಹ ಪ್ರಕಟಿಸಿದರು. ಮಣ್ಣಿನ ಬ್ಯಾಕ್ಟೀರಿಯಾ ಕ್ಯಾಲ್ಸೈಟ್ ಹರಳು ಬೆಳೆಸುವುದು ಎಲ್ಲೋ ಅಪರೂಪಕ್ಕೆ ಕಾಣುವ ವಿಚಿತ್ರ ಅಲ್ಲ, ತಕ್ಕ ಆಹಾರ ಸಿಕ್ಕರೆ ಅವು ಸಾಮಾನ್ಯವಾಗಿ ಮಾಡುವ ಕೆಲಸವೇ ಅದು ಅನ್ನುವುದು ಅದರ ತಿರುಳು. ಚಮಚ ಮಣ್ಣಿನಲ್ಲಿ ಕೋಟ್ಯಂತರ ಗೌಂಡಿಗಳು ಅಂದಹಾಗಾಯಿತು. ಇದರ ಮೊದಲ ಉಪಯೋಗ ಆದದ್ದು ಮಣ್ಣಿಗಲ್ಲ, ಹಳೇ ಕಲ್ಲಿಗೆ. 1993ರಲ್ಲಿ ಫ್ರಾನ್ಸಿನ ಥೂವಾರ್ ಊರಿನ ಚರ್ಚಿನ ಗೋಪುರದ ಸವೆದ ಕಲ್ಲಿಗೆ ಬ್ಯಾಕ್ಟೀರಿಯಾ ಸಿಂಪಡಿಸಿ ತೆಳುವಾದ ಕ್ಯಾಲ್ಸೈಟ್ ಪದರ ಬೆಳೆಸಿದರು. 2003ರಲ್ಲಿ ಗ್ರನಾಡಾ ವಿಶ್ವವಿದ್ಯಾಲಯದವರು ಇನ್ನೊಂದು ಬ್ಯಾಕ್ಟೀರಿಯಾದಿಂದ ಶಿಲ್ಪದ ಸುಣ್ಣಕಲ್ಲನ್ನು ಗಟ್ಟಿ ಮಾಡಿದ್ದನ್ನು ಪ್ರಕಟಿಸಿದರು. ಗ್ರನಾಡಾ ಅಂದರೆ ನಮ್ಮ ಪುಸ್ತಕಗಳ ಗರ್ನಾತಾ, ಅಲ್‌ಹಂಬ್ರಾದ ಊರು.

ಇನ್ನು ಎಂಜಿನಿಯರರು. ಇವರ ಕಣ್ಣು ತೆರೆಸಿದ್ದು ಭೂಕಂಪ.

1964ರ ಜೂನ್ 16ರಂದು ಜಪಾನಿನ ನೀಗಾಟಾ ಪಟ್ಟಣದಲ್ಲಿ ಭೂಕಂಪ ಆಯಿತು. ಅಲ್ಲಿನ ಕವಾಗಿಶಿ ಎಂಬಲ್ಲಿ ನದಿ ಪಕ್ಕದ ನಾಲ್ಕಂತಸ್ತಿನ ವಸತಿ ಕಟ್ಟಡಗಳು ಒಡೆಯಲಿಲ್ಲ, ಬಿರುಕೂ ಹೆಚ್ಚು ಬಿಡಲಿಲ್ಲ. ಸುಮ್ಮನೆ ವಾಲಿದವು. ಒಂದಂತೂ ಹೆಚ್ಚುಕಡಿಮೆ ಅಂಗಾತ ಮಲಗಿತು. ಗೋಡೆಗೆ ಏನೂ ಆಗಿರಲಿಲ್ಲ, ಕೆಳಗಿನ ನೆಲವೇ ಗಂಜಿಯಾಗಿತ್ತು. ನಾನಾ ಇದ್ದಿದ್ದರೆ ಆ ಚಿತ್ರ ತೋರಿಸಬೇಕು ಅನಿಸಿತು.

ಇದಕ್ಕೆ ಮಣ್ಣಿನ ದ್ರವೀಕರಣ ಅಂತ ಹೆಸರು. ಜೋಳದ ಡಬ್ಬಿಯನ್ನು ಅಲ್ಲಾಡಿಸಿದರೆ ಕಾಳು ಒತ್ತಾಗಿ ಕೆಳಗೆ ಕೂರುತ್ತದಲ್ಲ? ಸಡಿಲ ಮರಳಿಗೂ ಹಾಗೇ. ಆದರೆ ಮರಳಿನ ಸಂದಿಯಲ್ಲೆಲ್ಲ ನೀರು ತುಂಬಿದ್ದರೆ ಕಣಗಳು ಹತ್ತಿರ ಬರಲು ನೀರು ಬಿಡುವುದಿಲ್ಲ. ಅಲ್ಲಾಟ ಜೋರಾದಾಗ ನೀರಿನ ಒತ್ತಡ ಏರಿ ಕಣದಿಂದ ಕಣಕ್ಕೆ ಇದ್ದ ಆಸರೆ ತಪ್ಪುತ್ತದೆ. ಆ ಕ್ಷಣಕ್ಕೆ ಮರಳು ದ್ರವವೇ. ಕಛ್‌ನ ರಣ್ ಪ್ರದೇಶಕ್ಕೆ ಇದು ಹೊಸದಲ್ಲ. 1819ರ ಜೂನ್ 16ರ ಭೂಕಂಪದಲ್ಲಿ (ತಾರೀಖು ನೀಗಾಟಾದ್ದೇ, ಕಾಕತಾಳೀಯ) ಅಲ್ಲಿ ಸಿಂಧ್ರಿ ಕೋಟೆ ನೀರಿನಲ್ಲಿ ಮುಳುಗಿತು. ಅದರ ಉತ್ತರಕ್ಕೆ ಸುಮಾರು 80 ಕಿ.ಮೀ. ಉದ್ದದ ದಿಬ್ಬ ಎದ್ದು ನಿಂತಿತು. ಮನುಷ್ಯ ಕಟ್ಟಿದ ಬಂಧ್ ಅಲ್ಲ ಅಂತ ಜನ ಅದಕ್ಕೆ ಅಲ್ಲಾಹ್ ಬಂಧ್ ಅಂತ ಹೆಸರಿಟ್ಟರು. ಚಾರ್ಲ್ಸ್ ಲಯೆಲ್ ತನ್ನ ಭೂವಿಜ್ಞಾನದ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ.

2001ರ ಜನವರಿ 26 ನನ್ನ ವಯಸ್ಸಿನವರಿಗೆಲ್ಲ ನೆನಪಿರುತ್ತದೆ. ಧ್ವಜಾರೋಹಣ ಮುಗಿಸಿ ಲಾಡು ಹಿಡಕೊಂಡು ಮನೆಗೆ ಬಂದರೆ ಟಿವಿಯಲ್ಲಿ ಭುಜ್. ನಮ್ಮ ಓಣಿಯ ಮಸೀದಿಯಲ್ಲಿ ಜುಮಾ ನಂತರ ಚಾದರ ಹಾಸಿ ಬಟ್ಟೆ, ಹಣ ಸೇರಿಸಿದರು. ಅಮ್ಮಿ ಎರಡು ರಜಾಯಿ ಕೊಟ್ಟಿದ್ದು ನೆನಪಿದೆ. ಆ ಸಲವೂ ರಣ್‌ನಲ್ಲಿ ನೆಲದೊಳಗಿಂದ ನೀರು, ಮರಳು ಚಿಮ್ಮಿದವು. ಕಾಂಡ್ಲಾ ಬಂದರಿನ ಕಚೇರಿಯ ಗೋಪುರ ವಾಲಿತು. ಆಗ ನನಗೆ ಇದರ ಅರ್ಥ ಗೊತ್ತಿರಲಿಲ್ಲ. 2023ರ ಫೆಬ್ರವರಿಯಲ್ಲಿ ತುರ್ಕಿಯ ಇಸ್ಕೆಂದೆರುನ್ ಪಟ್ಟಣದಲ್ಲಿ ಅದೇ ಬಗೆ ನೆಲ ಸಡಿಲಗೊಂಡ ಚಿತ್ರ ನೋಡುವಾಗ ಗೊತ್ತಿತ್ತು.

ಸಡಿಲ ನೆಲವನ್ನು ಗಟ್ಟಿ ಮಾಡಲು ಎಂಜಿನಿಯರರಲ್ಲಿ ಹಳೇ ಉಪಾಯಗಳಿವೆ. ಭಾರವಾದ ತೂಕ ಎತ್ತಿ ಕುಕ್ಕುವುದು, ಜಲ್ಲಿಯ ಕಂಬ ಇಳಿಸುವುದು, ಸಿಮೆಂಟಿನ ಹಾಲು ಒತ್ತಿ ತುಂಬುವುದು. ಖಾಲಿ ಜಾಗದಲ್ಲಿ ಇವೆಲ್ಲ ಸರಿ. ಮೇಲೆ ಆಗಲೇ ಮನೆ ನಿಂತಿದ್ದರೆ? ಮನೆ ಪಕ್ಕದಲ್ಲಿ ನೆಲ ಕುಕ್ಕಲಾಗದು, ಸಿಮೆಂಟಿನ ಕಣ ನುಣುಪು ಮರಳಿನ ಸಂದಿಗೆ ಹೋಗದು. ನೀರಿನಷ್ಟೇ ತೆಳ್ಳಗಿನ ರಾಸಾಯನಿಕಗಳನ್ನು ಬಳಸಿ ನೋಡಿದರು. 1974ರಲ್ಲಿ ಜಪಾನಿನಲ್ಲಿ ಅಂಥ ಒಂದು ರಾಸಾಯನಿಕ ಕುಡಿಯುವ ನೀರಿಗೆ ಸೇರಿ ಜನ ಕಾಯಿಲೆ ಬಿದ್ದ ಮೇಲೆ ಅದಕ್ಕೂ ತಡೆ ಬಿತ್ತು. ಹಾಗಾಗಿ ನೀರಿನಂತೆ ಹರಿದು ಹೋಗಿ, ಒಳಗೆ ಹೋದ ಮೇಲೆ ಕಲ್ಲಾಗುವ, ವಿಷವಲ್ಲದ ಒಂದು ವಸ್ತು ಬೇಕಿತ್ತು.

ಮೂರೂ ಕಡೆಯ ಚೂರುಗಳು ಒಂದಕ್ಕೊಂದು ಹತ್ತಿರವಾದದ್ದು 1990ರ ದಶಕದಿಂದ ಈಚೆಗೆ. 1995ರಲ್ಲಿ ಅಮೆರಿಕದ ಸೌತ್ ಡಕೋಟಾದ ಗಣಿಶಾಲೆಯ ಗೊಲ್ಲಪೂಡಿ ಮತ್ತು ಸಂಗಡಿಗರು ಮರಳಿನ ಸಂದಿಗಳನ್ನು ಬ್ಯಾಕ್ಟೀರಿಯಾದ ಸುಣ್ಣದಿಂದ ಮುಚ್ಚುವ ಪ್ರಯೋಗ ಪ್ರಕಟಿಸಿದರು. ಹೆಸರು ಕೇಳಿದರೆ ಹೈದರಾಬಾದಿನ ನನ್ನ ಮಕ್ಕಳು ತೆಲುಗಿನವರು ಅಂತ ಕೂಗುತ್ತಾರೆ. 2001ರಲ್ಲಿ ಅಲ್ಲಿಯೇ ರಾಮಚಂದ್ರನ್, ರಾಮಕೃಷ್ಣನ್, ಬಾಂಗ್ ಇದನ್ನು ಕಾಂಕ್ರೀಟಿನ ಬಿರುಕಿಗೆ ಹಚ್ಚಿದರು. 2004ರಲ್ಲಿ ಆಸ್ಟ್ರೇಲಿಯಾದ ಮರ್ಡೋಕ್ ವಿಶ್ವವಿದ್ಯಾಲಯದ ವಿಕ್ಟೋರಿಯಾ ವಿಫಿನ್ ಜೈವಿಕ ಸಿಮೆಂಟಿನ ಬಗ್ಗೆಯೇ ಪಿಎಚ್.ಡಿ. ಬರೆದರು. 2006ರಲ್ಲಿ ಜೇಸನ್ ಡಿಜಾಂಗ್ ಎಂಬ ಮಣ್ಣಿನ ಎಂಜಿನಿಯರ್ ಮತ್ತು ಕ್ಲಾಸ್ ನ್ಯೂಸ್ಲೈನ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ಸೇರಿದ್ದ ಒಂದು ತಂಡ, ಹೀಗೆ ಬಿಗಿದ ಮರಳು ನೀರಿನಲ್ಲಿ ನೆನೆದಿದ್ದರೂ ಸಡಿಲ ಮರಳಿನ ಹಾಗೆ ಕುಸಿಯುವುದಿಲ್ಲ ಅಂತ ತೋರಿಸಿತು. ಎಂಜಿನಿಯರೂ ಸೂಕ್ಷ್ಮಜೀವಿ ತಜ್ಞನೂ ಒಂದೇ ಪ್ರಬಂಧಕ್ಕೆ ಸಹಿ ಹಾಕಿದ್ದರಲ್ಲ, ಇಷ್ಟು ಸಣ್ಣ ಸಂಗತಿಗೆ ನೂರು ವರ್ಷ ಕಾಯಬೇಕಾಯಿತು.

ಕೆಲಸ ಹೀಗೆ ನಡೆಯುತ್ತದೆ. ಮೊದಲು ಬ್ಯಾಕ್ಟೀರಿಯಾ ಇರುವ ನೀರನ್ನು ಮರಳಿಗೆ ಹರಿಸುತ್ತಾರೆ. ಅವು ಕಣಗಳಿಗೆ, ಅದರಲ್ಲೂ ಕಣ ಕಣ ಕೂಡುವ ಮೂಲೆಗಳಲ್ಲಿ, ಅಂಟಿಕೊಳ್ಳುತ್ತವೆ. ಆಮೇಲೆ ಯೂರಿಯಾ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದ ನೀರು ಹೋಗುತ್ತದೆ. ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದಾಗ ಒಂದು ಕಡೆ ಅಮೋನಿಯಾ, ಇನ್ನೊಂದು ಕಡೆ ಕಾರ್ಬೊನೇಟ್. ಅಮೋನಿಯಾದಿಂದ ನೀರು ಕ್ಷಾರವಾಗುತ್ತದೆ, ಹಾಲಿನ ಪರೀಕ್ಷೆಯಲ್ಲಿ ಕಾಗದ ನೀಲಿಯಾದದ್ದು ಇದಕ್ಕೇ. ಕ್ಷಾರದ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಕೂಡಿ ಕ್ಯಾಲ್ಸೈಟ್ ಹರಳಾಗಿ ಕೂರುತ್ತವೆ. ಬ್ಯಾಕ್ಟೀರಿಯಾದ ಮೈಮೇಲೆ ಋಣ ವಿದ್ಯುತ್ ಇರುವುದರಿಂದ ಕ್ಯಾಲ್ಸಿಯಂ ಅದರತ್ತಲೇ ಓಡಿಬರುತ್ತದೆ. ಕೊನೆಗೆ ಹರಳು ಬೆಳೆದು ಬೆಳೆದು ಆ ಜೀವಿಯನ್ನೇ ಒಳಗೆ ಮುಚ್ಚಿಬಿಡುತ್ತದೆ. ತಾನು ಕಟ್ಟಿದ ಗೋಡೆಯೊಳಗೆ ತಾನೇ ಸಮಾಧಿ.

ಈಗ ಡೆಲ್ಫ್ಟ್. ಲೇವನ್‌ಹುಕ್‌ನ ಊರಿನ ವಿಶ್ವವಿದ್ಯಾಲಯದಲ್ಲಿ 1901ರಲ್ಲಿ ಬೇಯರಿಂಕ್ ಎಂಬ ದೊಡ್ಡ ವಿಜ್ಞಾನಿ ಯೂರಿಯಾ ತಿನ್ನುವ ಬ್ಯಾಕ್ಟೀರಿಯಾಗಳನ್ನು ಮಣ್ಣಿನಿಂದ ಆರಿಸಿ ಬೆಳೆಸುವ ವಿಧಾನ ಬರೆದಿದ್ದ. ನೂರು ಚಿಲ್ಲರೆ ವರ್ಷದ ನಂತರ ಅದೇ ಊರಿನಲ್ಲಿ ಲಿಯೋನ್ ವಾನ್ ಪಾಸೆನ್ ಮತ್ತು ತಂಡ ನೂರು ಘನ ಮೀಟರ್ ಮರಳನ್ನು ದೊಡ್ಡ ತೊಟ್ಟಿಯಲ್ಲಿ ತುಂಬಿ, ಬ್ಯಾಕ್ಟೀರಿಯಾ ಹರಿಸಿದರು. ಕೆಲವು ದಿನ ಯೂರಿಯಾ ಮತ್ತು ಕ್ಯಾಲ್ಸಿಯಂ ಕೊಟ್ಟು, ಕೊನೆಗೆ ಗಟ್ಟಿಯಾಗದ ಮರಳನ್ನು ತೊಳೆದು ತೆಗೆದರು. ಒಳಗಿಂದ ನಿಜವಾದ ಮರಳುಗಲ್ಲು ಎದ್ದಿತು. ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಆದರೆ ಎಲ್ಲ ಕಡೆ ಒಂದೇ ಗಟ್ಟಿತನ ಇರಲಿಲ್ಲ. ನೀರು ಹರಿದ ಹಾದಿಯಲ್ಲಿ ಕಲ್ಲು, ಹರಿಯದ ಕಡೆ ಮೆದು. ಜೈಹೂನ್ ದಂಡೆಯಲ್ಲಿ 23 ವರ್ಷದ ಲೆಕ್ಕ, ಇಲ್ಲಿ ದಿನಗಳ ಲೆಕ್ಕ.

ಇಷ್ಟು ಓದಿದವರು ಹಾಗಾದರೆ ನಮ್ಮ ಊರಿಗೆ ಇದು ಯಾವಾಗ ಬರುತ್ತದೆ ಅಂತ ಕೇಳಬಹುದು. ಇಲ್ಲಿ ನಾನು ಸ್ವಲ್ಪ ನಿರಾಸೆ ಮಾಡಬೇಕಾಗಿದೆ. ಅಮೋನಿಯಾ ಸುಮ್ಮನೆ ಹೋಗುವುದಿಲ್ಲ, ಅಂತರ್ಜಲಕ್ಕೆ ಸೇರದಂತೆ ತೊಳೆದು ಹೊರಗೆ ಎಳೆಯಬೇಕು, ಅದಕ್ಕೇ ದುಡ್ಡು. ಯೂರಿಯಾ, ಕ್ಯಾಲ್ಸಿಯಂ ಕ್ಲೋರೈಡ್ ಪುಕ್ಕಟೆ ಅಲ್ಲ. ಸಿಮೆಂಟಿನ ಭಟ್ಟಿ 1450 ಡಿಗ್ರಿ ಉರಿಯಬೇಕು, ಇಲ್ಲಿ ಆ ಬೆಂಕಿ ಬೇಡ ಅನ್ನುವುದು ನಿಜ. ಆದರೆ ಯೂರಿಯಾ ಮಾಡುವ ಕಾರ್ಖಾನೆಗೂ ಇಂಧನ ಬೇಕೇ ಬೇಕು. ಎಲ್ಲಕ್ಕಿಂತ ದೊಡ್ಡ ಮಿತಿ ಮಣ್ಣಿನದ್ದು. ಬ್ಯಾಕ್ಟೀರಿಯಾ ಅಂದಾಜು ಒಂದರಿಂದ ನಾಲ್ಕು ಮೈಕ್ರಾನ್ ಉದ್ದ. ಮರಳಿನ ಸಂದಿಯಲ್ಲಿ ಆರಾಮಾಗಿ ಹೋಗುತ್ತದೆ, ಜೇಡಿಯ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ನಾನಾ ಜೀವಮಾನವಿಡೀ ಬೈಯುತ್ತಿದ್ದ ಎರೆಮಣ್ಣು, ಮಳೆಗೆ ಉಬ್ಬಿ ಬೇಸಿಗೆಗೆ ಬಿರಿದು ಅವರದೇ ಮನೆಯ ಹಿಂದಿನ ಗ್ವಾಡಿ ಸೀಳಿದ ಎರೆಮಣ್ಣು, ಜೇಡಿಯೇ. ಅವರ ಕಷ್ಟಕ್ಕೆ ಈ ವಿದ್ಯೆಯಲ್ಲಿ ಸುಲಭದ ಉತ್ತರ ಇಲ್ಲ. ಬಂದರು, ನದಿ ದಂಡೆ, ಕಛ್‌ನಂಥ ಮರಳು ನೆಲ ಇದರ ಜಾಗ.

ಉಪಯೋಗ ಮಾತ್ರ ಬೇರೆ ಬೇರೆ ಕಡೆ ಚಿಗುರುತ್ತಿದೆ. ಶಾರ್ಜಾದ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಕಲಿಸುತ್ತಿದ್ದ ಜಿಂಜರ್ ಕ್ರೀಗ್ ಡೋಸಿಯರ್ ಮರಳಿನಿಂದ ಸುಡದ ಇಟ್ಟಿಗೆ ಬೆಳೆಸಿ, ಆಮೇಲೆ ಅಮೆರಿಕದಲ್ಲಿ ಬಯೋಮೇಸನ್ ಕಂಪನಿ ಕಟ್ಟಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಲೋಕ್ ಕುಮಾರ್ ತಂಡ 2020ರಲ್ಲಿ ಇಸ್ರೋ ವಿಜ್ಞಾನಿಗಳ ಜೊತೆ ಸೇರಿ ಚಂದ್ರನ ಮಣ್ಣಿನಂಥ ಪುಡಿಗೆ ಇದೇ ಸ್ಪೋರೊಸಾರ್ಸಿನಾ ಪಾಶ್ಚುರಿ, ಯೂರಿಯಾ ಮತ್ತು ಗವಾರ್ ಅಂಟು ಬೆರೆಸಿ ಇಟ್ಟಿಗೆ ಮಾಡಿತು. ಗವಾರ್ ಅಂದರೆ ಬೇರೇನಲ್ಲ, ನಮ್ಮ ಚವಳಿಕಾಯಿ. ಗಚ್ಚಿಗೆ ಬೆಲ್ಲ ಬೆರೆಸಿದವರಿಗೆ ಚವಳಿಕಾಯಿ ಅಂಟು ಆಶ್ಚರ್ಯ ಅನಿಸುವುದಿಲ್ಲ. 2022ರಲ್ಲಿ ಮಂಗಳದ ಮಣ್ಣಿನಂಥ ಪುಡಿಯಲ್ಲೂ ಮಾಡಿದರು. ಅದರ ಕಬ್ಬಿಣ ಬ್ಯಾಕ್ಟೀರಿಯಾಕ್ಕೆ ವಿಷವಾಗಿದ್ದರಿಂದ ನಿಕ್ಕೆಲ್ ಕ್ಲೋರೈಡ್ ಸೇರಿಸಬೇಕಾಯಿತು.

ಎರಡು ತಿಂಗಳ ನಂತರ ತರಗತಿಯಲ್ಲಿ ಇದೆಲ್ಲ ಹೇಳಿದೆ. ಹಿಂದಿನ ಬೆಂಚಿನ ಹುಡುಗ, "ಅಬ್ಬಾಗೆ ಬಂದಿದ್ದು ಸುಳ್ಳಾ?" ಅಂದ. ಅರ್ಧ ಸುಳ್ಳು, ನಿಜದ ಅರ್ಧವನ್ನು ನೀನೇ ಬರೆದು ಅದೇ ಗ್ರೂಪಿಗೆ ಹಾಕು ಅಂದೆ. ಬರೆದ. ಜೈಹೂನ್, ತಲೆ ತೊಳೆಯುವ ಮಣ್ಣು, 23 ವರ್ಷ, ಅರಿಸ್ಟಾಟಲನ ಹೆಸರಿಗೆ ಹೋದ ಪುಸ್ತಕ, ಕೊನೆಗೆ ಬ್ಯಾಕ್ಟೀರಿಯಾ ಕಂಡದ್ದು ಆರು ನೂರು ವರ್ಷದ ಮೇಲೆ ಬೇರೊಬ್ಬ ಅಂತ. ಮೊದಲಿನ ಸಂದೇಶಕ್ಕೆ ಬಂದಷ್ಟು ಮಾಷಾ ಅಲ್ಲಾಹ್ ಇದಕ್ಕೆ ಬರಲಿಲ್ಲವಂತೆ.

ಬ್ಯಾಕ್ಟೀರಿಯಾ ತರಿಸಿ ಬೆಳೆಸುವ ಅನುಕೂಲ ಶಾಲೆಯಲ್ಲಿ ಇಲ್ಲ. ಯೂರಿಯೇಸ್ ಹಿಟ್ಟಿನಲ್ಲೇ ಇದೆಯಲ್ಲ ಅಂತ ಸೋಯಾ ಹಿಟ್ಟು ನೆನೆಸಿ, ಮಲ್‌ಮಲ್ ಬಟ್ಟೆಯಲ್ಲಿ ಸೋಸಿ, ಗೊಬ್ಬರದ ಅಂಗಡಿಯ ಯೂರಿಯಾ ಮತ್ತು ಪ್ರಯೋಗಶಾಲೆಯ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿ, ಕತ್ತರಿಸಿದ ಬಾಟಲಿಯಲ್ಲಿ ತೊಳೆದ ಮರಳು ತುಂಬಿ ಹತ್ತು ದಿನ ಹನಿಸಿದೆವು. ವಾಸನೆಗೆ ಪಕ್ಕದ ತರಗತಿಯವರು ದೂರು ಕೊಟ್ಟರು. ಬಾಟಲಿ ಸೀಳಿದಾಗ ಮೇಲೆ ಎರಡು ಬೆರಳಿನಷ್ಟು ಗಟ್ಟಿ ಬಿಲ್ಲೆ, ಕೆಳಗೆ ಬರೀ ಒದ್ದೆ ಮರಳು. ಡೆಲ್ಫ್ಟ್‌ನವರಿಗೆ ಆದದ್ದೇ ನಮಗೂ ಆಗಿದೆ ಅಂತ ಸಮಾಧಾನ ಹೇಳಿದೆ.

ಬಿಲ್ಲೆಯನ್ನು ಚೆನ್ನಾಗಿ ತೊಳೆದು ಒಣಗಿಸಿ ಒಂದು ತಟ್ಟೆಯಲ್ಲಿಟ್ಟೆ. ಪಕ್ಕದಲ್ಲಿ ನಾನಾನ ಹಳೇ ಮನೆಯಿಂದ ಬಿದ್ದ ಗಚ್ಚಿನ ತುಂಡು. ಎರಡಕ್ಕೂ ಪ್ರಶ್ನೆ ಕೇಳಿದ್ದ ಹುಡುಗಿಯೇ ಒಂದೊಂದು ಹನಿ ಆಮ್ಲ ಹಾಕಿದಳು. ಎರಡೂ ಒಂದೇ ಥರ ಬುರುಬುರು ಅಂತ ನೊರೆ ಬಿಟ್ಟವು. ಹಿಂದಿನ ಬೆಂಚಿನವನು ಮುಂದೆ ಬಂದು ತಟ್ಟೆಯ ಹತ್ತಿರ ಕಿವಿ ಇಟ್ಟು, "ಸದ್ದು ಕೇಳ್ತದೆ ಟೀಚರ್" ಅಂದ.